ಚಿಕ್ಕ ಟ್ರ್ಯಾಕ್ಟರ್‌ನ ಗೇರ್‌ಬಾಕ್ಸ್‌ಗೆ ಯಾವ ಆಯಿಲ್? ಪದೇ ಪದೇ ಕೇಳುವ ಪ್ರಶ್ನೆಗಳು

ಎಂಜಿನ್ ಆಯಿಲ್ ವಿಷಯದಲ್ಲಿ ಎಲ್ಲರೂ ಹುಷಾರು. ಗಂಟೆ ಲೆಕ್ಕ ಇಟ್ಟು ಬದಲಾಯಿಸುತ್ತಾರೆ. ಆದರೆ ಸೀಟಿನ ಕೆಳಗಿರುವ ಆ ದೊಡ್ಡ ಕಬ್ಬಿಣದ ಹೌಸಿಂಗ್ ಒಳಗಿನ ಆಯಿಲ್ ಕಡೆ ಗಮನ ಹೋಗುವುದೇ ಕಡಿಮೆ. ಟ್ರ್ಯಾಕ್ಟರ್ ತಂದ ದಿನದಿಂದ ಅದನ್ನು ಮುಟ್ಟದವರೂ ಇದ್ದಾರೆ. ಮುಟ್ಟಿದವರಲ್ಲೂ ‘ಗೇರ್ ಆಯಿಲ್ ಕೊಡಿ’ ಅಂತ ಕೇಳಿ, ಕೈಗೆ ಬಂದ ಡಬ್ಬಿಯನ್ನು ತಂದು ಸುರಿದವರೇ ಜಾಸ್ತಿ. ಚಿಕ್ಕ ಟ್ರ್ಯಾಕ್ಟರ್‌ಗಳಲ್ಲಿ ತೊಂದರೆ ಶುರುವಾಗುವುದು ಅಲ್ಲಿಂದಲೇ. ಜನ ನನ್ನನ್ನು ಮತ್ತೆ ಮತ್ತೆ ಕೇಳಿದ ಪ್ರಶ್ನೆಗಳನ್ನು, ಉತ್ತರದ ಜೊತೆ ಇಲ್ಲಿ ಬರೆದಿದ್ದೇನೆ.

ಗೇರ್‌ಬಾಕ್ಸ್ ಅಂದಮೇಲೆ ಗೇರ್ ಆಯಿಲ್ 90 ಹಾಕಿದರೆ ಆಯಿತು, ಅಲ್ವಾ?

ಕೆಲವು ಟ್ರ್ಯಾಕ್ಟರ್‌ಗಳಿಗೆ ಸರಿ. ಇವತ್ತಿನ ಹೆಚ್ಚಿನ ಚಿಕ್ಕ ಟ್ರ್ಯಾಕ್ಟರ್‌ಗಳಿಗೆ ತಪ್ಪು.

ಕಾರಣ ಇಷ್ಟೇ. ಕಾರು, ಲಾರಿಯ ಗೇರ್‌ಬಾಕ್ಸ್‌ನಲ್ಲಿ ಆಯಿಲ್‌ಗೆ ಒಂದೇ ಕೆಲಸ: ಹಲ್ಲು ಮತ್ತು ಬೇರಿಂಗ್ ಸವೆಯದ ಹಾಗೆ ನೋಡಿಕೊಳ್ಳುವುದು. ಚಿಕ್ಕ ಟ್ರ್ಯಾಕ್ಟರ್‌ನಲ್ಲಿ ಗೇರ್‌ಬಾಕ್ಸ್, ಹಿಂದಿನ ಡಿಫರೆನ್ಷಿಯಲ್, ಹೈಡ್ರಾಲಿಕ್ ಲಿಫ್ಟ್, ಆಯಿಲ್ ಬ್ರೇಕ್ (ಡಿಸ್ಕು ಆಯಿಲ್‌ನಲ್ಲೇ ಮುಳುಗಿರುವ ಬ್ರೇಕ್), ಎಷ್ಟೋ ಸಲ ಪವರ್ ಸ್ಟೀರಿಂಗ್ ಮತ್ತು ಪಿಟಿಒ (ಉಪಕರಣ ತಿರುಗಿಸುವ ಹಿಂದಿನ ಶಾಫ್ಟ್) ಕ್ಲಚ್ ಕೂಡ ಒಂದೇ ಆಯಿಲ್ ಹಂಚಿಕೊಳ್ಳುತ್ತವೆ. ಹಲ್ಲಿಗೆ ದಪ್ಪ ಆಯಿಲ್ ಒಳ್ಳೆಯದು. ಪಂಪಿಗೆ ಸರಾಗವಾಗಿ ಹರಿಯುವ ಆಯಿಲ್ ಬೇಕು. ಬ್ರೇಕಿಗೆ ಅದು ತೀರಾ ಜಾರಬಾರದು. ಹೀಗೆ ಒಂದಕ್ಕೊಂದು ಹೊಂದದ ಬೇಡಿಕೆಗಳನ್ನು ಒಂದೇ ಎಣ್ಣೆ ಪೂರೈಸಬೇಕು. ಸಾದಾ 90 ನಂಬರ್ ಆಯಿಲ್ ಮಾಡಿರುವುದು ಮೊದಲನೆಯ ಕೆಲಸಕ್ಕೆ ಮಾತ್ರ.

ಹೀಗೆ 90 ಸುರಿದಿದ್ದ ಒಂದು ಟ್ರ್ಯಾಕ್ಟರ್ ನನ್ನ ಕೈಗೆ ಬಂದಿತ್ತು. ಬೆಳಗ್ಗೆ ಸ್ಟಾರ್ಟ್ ಮಾಡಿ ಲಿಫ್ಟ್ ಲಿವರ್ ಎಳೆದರೆ ತೋಳುಗಳು ಅಲುಗುತ್ತಲೇ ಇರಲಿಲ್ಲ. ಪಂಪ್ ಕಡೆಯಿಂದ ಕುಂಯ್ ಅನ್ನುವ ಸಣ್ಣ ಸದ್ದು. ಎಂಟು ಹತ್ತು ನಿಮಿಷ ಓಡಿದ ಮೇಲೆ ನೇಗಿಲು ನಿಧಾನವಾಗಿ ಏಳುತ್ತಿತ್ತು. ಬ್ರೇಕ್ ಒತ್ತಿದರೆ ಹಿಂದಿನ ಆಕ್ಸಲ್‌ನಿಂದ ಗುರ್ರ್ ಅಂತ ನಡುಕ, ಅದು ಪಾದಕ್ಕೆ ತಾಗುತ್ತಿತ್ತು. ಪಂಪ್ ಹೋಗಿದೆ, ಬದಲಾಯಿಸಬೇಕು ಅಂತ ಮಾಲೀಕರಿಗೆ ಯಾರೋ ಹೇಳಿದ್ದರು. ಡ್ರೈನ್ ಬೋಲ್ಟ್ ಬಿಚ್ಚಿದಾಗ ಆಯಿಲ್ ಜೇನಿನ ಹಾಗೆ ಎಳೆ ಎಳೆಯಾಗಿ ಇಳಿಯಿತು. ಪೂರ್ತಿ ಖಾಲಿ ಮಾಡಿ, ಮ್ಯಾನುಯಲ್‌ನಲ್ಲಿ ಹೇಳಿದ ಆಯಿಲ್ ಮತ್ತು ಹೊಸ ಫಿಲ್ಟರ್ ಹಾಕಿದೆವು. ಲಿಫ್ಟ್ ಅವತ್ತೇ ಸರಿಯಾಯಿತು. ಬ್ರೇಕಿನ ಸದ್ದು ಪೂರ್ತಿ ಹೋಗಲು ಕೆಲವು ದಿನ ಬೇಕಾಯಿತು, ಯಾಕೆಂದರೆ ಹಳೆ ಆಯಿಲ್ ಬ್ರೇಕ್ ಡಿಸ್ಕಿನ ಒಳಗೂ ಇಳಿದಿರುತ್ತದೆ. ಪಂಪ್ ಮುಟ್ಟುವ ಅಗತ್ಯವೇ ಬರಲಿಲ್ಲ.

ನನ್ನ ಟ್ರ್ಯಾಕ್ಟರ್‌ನಲ್ಲಿ ಎಲ್ಲಕ್ಕೂ ಒಂದೇ ಆಯಿಲಾ, ಬೇರೆ ಬೇರೆನಾ? ತಿಳಿಯುವುದು ಹೇಗೆ?

ಮ್ಯಾನುಯಲ್‌ನಲ್ಲಿ ಆಯಿಲ್ ಪಟ್ಟಿ ಇರುವ ಪುಟ ತೆಗೆಯಿರಿ. ‘ಟ್ರಾನ್ಸ್‌ಮಿಷನ್ ಮತ್ತು ಹೈಡ್ರಾಲಿಕ್’ ಅಂತ ಒಂದೇ ಸಾಲಿನಲ್ಲಿ ಲೀಟರ್ ಲೆಕ್ಕ ಇದ್ದರೆ ಒಂದೇ ಸಂಪ್, ಅಂದರೆ ಆಯಿಲ್ ನಿಲ್ಲುವ ತೊಟ್ಟಿ ಒಂದೇ. ಎರಡು ಸಾಲು, ಎರಡು ಲೆಕ್ಕ ಇದ್ದರೆ ಬೇರೆ ಬೇರೆ.

ಮ್ಯಾನುಯಲ್ ಇಲ್ಲದಿದ್ದರೆ ಟ್ರ್ಯಾಕ್ಟರನ್ನೇ ಸುತ್ತಿ ನೋಡಿ. ಲಿಫ್ಟಿಗೆ ಪ್ರತ್ಯೇಕ ಡಿಪ್‌ಸ್ಟಿಕ್, ಪ್ರತ್ಯೇಕ ಫಿಲ್ಲರ್ ಇದೆಯಾ? ಹೈಡ್ರಾಲಿಕ್ ಪಂಪಿನ ಸಕ್ಷನ್ ಪೈಪ್ ಎಲ್ಲಿಂದ ಹೊರಡುತ್ತದೆ? ಅದು ಗೇರ್‌ಬಾಕ್ಸ್ ಹೌಸಿಂಗ್‌ನಿಂದಲೇ ಹೊರಟು ಫಿಲ್ಟರ್ ಮೂಲಕ ಪಂಪಿಗೆ ಹೋಗುತ್ತಿದ್ದರೆ, ಗೇರಿನ ಆಯಿಲೇ ಲಿಫ್ಟಿನ ಆಯಿಲ್. ಅಲ್ಲಿ 90 ಹಾಕುವ ಮಾತೇ ಬೇಡ.

ಹಳೆಯ ಕೆಲವು ಮಾದರಿಗಳಲ್ಲಿ ಗೇರ್‌ಬಾಕ್ಸ್ ಬೇರೆ, ಲಿಫ್ಟ್ ಬೇರೆ, ಬ್ರೇಕ್ ಹೊರಗಿನ ಡ್ರೈ ಬ್ರೇಕ್. ಅಂಥದ್ದಕ್ಕೆ ಜಿಎಲ್-4 ದರ್ಜೆಯ 80ಡಬ್ಲ್ಯೂ-90 ಅಥವಾ 90 ಬರೆದಿರುತ್ತಾರೆ. ಬರೆದಿದ್ದರೆ ಅದನ್ನೇ ಹಾಕಿ.

ಜಿಎಲ್-4, ಜಿಎಲ್-5 ಅಂದರೆ ಏನು? 5 ಅಂದರೆ 4ಕ್ಕಿಂತ ಒಳ್ಳೆಯದು ತಾನೇ?

ಈ ತಪ್ಪು ತಿಳಿವಳಿಕೆ ಎಷ್ಟು ಹರಡಿದೆ ಅಂದರೆ, ಅಂಗಡಿಯವರೇ ಹಾಗೆ ಹೇಳಿ ಕೊಡುತ್ತಾರೆ. ಆದ್ದರಿಂದ ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಜಿಎಲ್ ಅನ್ನುವುದು ಅಮೆರಿಕನ್ ಪೆಟ್ರೋಲಿಯಂ ಇನ್‌ಸ್ಟಿಟ್ಯೂಟ್, ಅಂದರೆ ಎಪಿಐ, ಗೇರ್ ಆಯಿಲ್‌ಗೆ ಕೊಟ್ಟ ದರ್ಜೆ. ಎಂಜಿನ್ ಆಯಿಲ್‌ನಲ್ಲಿ ಹೊಸ ದರ್ಜೆ ಸಾಮಾನ್ಯವಾಗಿ ಹಳೆಯದರ ಜಾಗ ತುಂಬುತ್ತದೆ. ಗೇರ್ ಆಯಿಲ್‌ನಲ್ಲಿ ಹಾಗಲ್ಲ. ಇಲ್ಲಿ ನಂಬರ್ ಹೇಳುವುದು ಕೆಲಸದ ಬಗೆಯನ್ನು.

ಜಿಎಲ್-5 ಇರುವುದು ಮುಖ್ಯವಾಗಿ ಹೈಪಾಯ್ಡ್ ಗೇರಿಗೆ. ಹೈಪಾಯ್ಡ್‌ನಲ್ಲಿ ಪಿನಿಯನ್ನಿನ (ತಿರುಗಿಸುವ ಸಣ್ಣ ಗೇರ್) ನಡುಗೆರೆ ಕ್ರೌನ್ ವೀಲಿನ (ಅದರಿಂದ ತಿರುಗುವ ದೊಡ್ಡ ಗೇರ್) ನಡುಗೆರೆಗೆ ಸರಿಯಾಗಿ ಕೂರುವುದಿಲ್ಲ, ಸ್ವಲ್ಪ ಕೆಳಗೆ ಅಥವಾ ಮೇಲೆ ಸರಿದಿರುತ್ತದೆ. ಹಾಗಾಗಿ ಹಲ್ಲುಗಳು ಉರುಳುವುದರ ಜೊತೆಗೆ ಒಂದರ ಮೇಲೊಂದು ಜೋರಾಗಿ ಉಜ್ಜುತ್ತವೆ. ಆ ಒತ್ತಡದಲ್ಲಿ ಎಣ್ಣೆಯ ಪದರ ಹರಿದೇ ಹೋಗುತ್ತದೆ. ಆಗ ಕೆಲಸಕ್ಕೆ ಬರುವುದು ಆಯಿಲ್‌ನಲ್ಲಿ ಬೆರೆಸಿರುವ ಗಂಧಕ ಮತ್ತು ರಂಜಕದ ಅಂಶ. ಹಲ್ಲು ಹಲ್ಲಿಗೆ ತಾಗಿ ಬಿಸಿಯಾದ ಜಾಗದಲ್ಲೇ ಗಂಧಕ ಕಬ್ಬಿಣದ ಜೊತೆ ಸೇರಿ ತೆಳ್ಳಗಿನ ಪದರ ಕಟ್ಟುತ್ತದೆ. ಉಜ್ಜಿದಾಗ ಸವೆಯುವುದು ಆ ಪದರ, ಉಕ್ಕು ಉಳಿಯುತ್ತದೆ. ಇದಕ್ಕೇ ಇಪಿ, ಅಂದರೆ ಎಕ್ಸ್‌ಟ್ರೀಮ್ ಪ್ರೆಷರ್, ಅಂತ ಕರೆಯುವುದು.

ಜಿಎಲ್-5ರಲ್ಲಿ ಈ ಇಪಿ ಅಂಶ ಜಿಎಲ್-4ಕ್ಕಿಂತ ಸುಮಾರು ಎರಡರಷ್ಟು. ಉಕ್ಕಿನ ಹಲ್ಲಿಗೆ ಇದು ಒಳ್ಳೆಯದೇ. ಆದರೆ ಗಂಧಕಕ್ಕೆ ತಾಮ್ರ ಕಂಡರೆ ಬಿಡುವ ಸ್ವಭಾವ ಇಲ್ಲ. ಹಿತ್ತಾಳೆ, ಕಂಚು ಎರಡರಲ್ಲೂ ಇರುವುದು ತಾಮ್ರವೇ. ಗೇರ್‌ಬಾಕ್ಸ್ ಒಳಗೆ ಹಿತ್ತಾಳೆಯ ಸಿಂಕ್ರೊ ರಿಂಗ್ (ಗೇರ್ ಹಾಕುವಾಗ ಎರಡು ಗೇರಿನ ವೇಗ ಸಮ ಮಾಡುವ ಬಳೆ), ಕಂಚಿನ ಬುಷ್, ಥ್ರಸ್ಟ್ ವಾಷರ್ ಇರುತ್ತವೆ. ಬಿಸಿ ಆಯಿಲ್‌ನಲ್ಲಿ ನೂರಾರು ಗಂಟೆ ಮುಳುಗಿದ್ದರೆ ಅವು ಕಪ್ಪಾಗುತ್ತವೆ, ಮೇಲ್ಮೈ ಉದುರುತ್ತದೆ. ಸಿಂಕ್ರೊ ಇರುವ ಗೇರ್‌ಬಾಕ್ಸ್‌ನಲ್ಲಿ ಇನ್ನೊಂದು ತೊಂದರೆ: ರಿಂಗ್ ಹಿಡಿಯಬೇಕಾದ ಜಾಗದಲ್ಲಿ ಜಾರುತ್ತದೆ. ಗೇರ್ ಹಾಕುವಾಗ ಕರ್ ಅಂತ ಸದ್ದು ಬರುತ್ತದೆ.

ಟ್ರ್ಯಾಕ್ಟರ್‌ನ ಹಿಂದಿನ ಆಕ್ಸಲ್‌ನಲ್ಲಿ ಸಾಮಾನ್ಯವಾಗಿ ಇರುವುದು ಸ್ಪೈರಲ್ ಬೆವೆಲ್ ಗೇರ್. ಅದರಲ್ಲಿ ನಡುಗೆರೆ ಸರಿದಿರುವುದಿಲ್ಲ, ಉಜ್ಜಾಟ ಕಡಿಮೆ. ಅದಕ್ಕೆ ಜಿಎಲ್-4 ಧಾರಾಳವಾಗಿ ಸಾಕು.

ಡಬ್ಬಿ ಮೇಲೆ ‘ಜಿಎಲ್-4 / ಜಿಎಲ್-5’ ಅಂತ ಎರಡೂ ಇದೆ. ಹಾಕಬಹುದಾ?

ಅದನ್ನು ಜಿಎಲ್-5 ಅಂತಲೇ ಎಣಿಸಿ. ಭಾರ ಹೊರುವ ವಿಷಯದಲ್ಲಿ ಜಿಎಲ್-5 ಆಯಿಲ್ ಜಿಎಲ್-4ರ ಪರೀಕ್ಷೆಯನ್ನು ಸುಲಭವಾಗಿ ದಾಟುತ್ತದೆ. ಹಾಗಾಗಿ ಎರಡೂ ಬರೆಯುತ್ತಾರೆ. ಹಿತ್ತಾಳೆಗೆ ತೊಂದರೆ ಇಲ್ಲ ಅಂತ ಅದರಿಂದ ಅರ್ಥ ಆಗುವುದಿಲ್ಲ. ಒಳಗೆ ಹಳದಿ ಲೋಹ ಇದ್ದರೆ ಜಿಎಲ್-4 ಒಂದೇ ಬರೆದಿರುವ ಡಬ್ಬಿ ಹುಡುಕಿ. ಮ್ಯಾನುಯಲ್‌ನಲ್ಲೇ ಜಿಎಲ್-5 ಕೇಳಿದ್ದರೆ, ಉದಾಹರಣೆಗೆ ಕೆಲವು ಮುಂದಿನ ಆಕ್ಸಲ್‌ಗಳಲ್ಲಿ, ಅನುಮಾನ ಬೇಡ, ಅದನ್ನೇ ಹಾಕಿ.

80ಡಬ್ಲ್ಯೂ-90 ಅಂದರೆ ಎಷ್ಟು ದಪ್ಪ? ಎಂಜಿನ್ ಆಯಿಲ್ 20ಡಬ್ಲ್ಯೂ-40ಕ್ಕಿಂತ ಎರಡರಷ್ಟಾ?

ಅಲ್ಲ. ಎರಡಕ್ಕೂ ಅಳತೆಗೋಲೇ ಬೇರೆ. ಎಂಜಿನ್ ಆಯಿಲ್‌ಗೆ ಎಸ್‌ಎಇ ಜೆ300, ಗೇರ್ ಆಯಿಲ್‌ಗೆ ಎಸ್‌ಎಇ ಜೆ306. 90 ನಂಬರ್ ಗೇರ್ ಆಯಿಲ್ ಬಿಸಿಯಾದಾಗ ಇರುವ ದಪ್ಪ, ಹೆಚ್ಚು ಕಡಿಮೆ 40 ಅಥವಾ 50 ನಂಬರ್ ಎಂಜಿನ್ ಆಯಿಲ್‌ನಷ್ಟೇ. ಎರಡರ ನಂಬರನ್ನು ಪಕ್ಕ ಪಕ್ಕ ಇಟ್ಟು ಹೋಲಿಸಬೇಡಿ.

ಜೆ306ರ ಈಗಿನ ಲೆಕ್ಕದಲ್ಲಿ 100 ಡಿಗ್ರಿ ಸೆಲ್ಸಿಯಸ್‌ನಲ್ಲಿ ಅಳೆದಾಗ 90 ನಂಬರ್ ಅಂದರೆ 13.5ರಿಂದ 18.5 ಸೆಂಟಿಸ್ಟೋಕ್ಸ್ (ಎಣ್ಣೆಯ ದಪ್ಪದ ಅಳತೆ) ಒಳಗೆ. 140 ಅಂದರೆ 24ರಿಂದ 32.5. ನಡುವಿನ ಜಾಗಕ್ಕೆ 110 ಅಂತ ಇನ್ನೊಂದು ದರ್ಜೆ ಇದೆ. ಡಬ್ಲ್ಯೂ ಜೊತೆಗಿನ ನಂಬರ್ ಹೇಳುವುದು ಚಳಿಯಲ್ಲಿ ಎಷ್ಟು ಗಟ್ಟಿಯಾಗುತ್ತದೆ ಅಂತ. 75ಡಬ್ಲ್ಯೂ ಆಯಿಲ್ ಸೊನ್ನೆಗಿಂತ 40 ಡಿಗ್ರಿ ಕೆಳಗೂ ಮಿತಿ ದಾಟಿ ಗಟ್ಟಿಯಾಗಬಾರದು. 80ಡಬ್ಲ್ಯೂಗೆ ಆ ಮಿತಿ ಸೊನ್ನೆಗಿಂತ 26 ಡಿಗ್ರಿ ಕೆಳಗೆ, 85ಡಬ್ಲ್ಯೂಗೆ 12 ಡಿಗ್ರಿ ಕೆಳಗೆ. ಹಿಮ ಬೀಳದ ಕಡೆ ಓಡುವ ಟ್ರ್ಯಾಕ್ಟರ್‌ಗೆ 80ಡಬ್ಲ್ಯೂ, 85ಡಬ್ಲ್ಯೂ ನಡುವಿನ ವ್ಯತ್ಯಾಸಕ್ಕೆ ತಲೆ ಕೆಡಿಸಿಕೊಳ್ಳಬೇಕಿಲ್ಲ.

ಮ್ಯಾನುಯಲ್‌ನಲ್ಲಿ ಯುಟಿಟಿಓ ಅಂತ ಇದೆ. ಏನದು?

ಯೂನಿವರ್ಸಲ್ ಟ್ರ್ಯಾಕ್ಟರ್ ಟ್ರಾನ್ಸ್‌ಮಿಷನ್ ಆಯಿಲ್. ಗೇರ್, ಲಿಫ್ಟ್, ಆಯಿಲ್ ಬ್ರೇಕ್, ಪಿಟಿಒ ಕ್ಲಚ್, ಇಷ್ಟಕ್ಕೂ ಒಂದೇ ಆಯಿಲ್ ಅಂತ ಮಾಡಿರುವುದು. ಕೆಲವು ಕಡೆ ಇದನ್ನೇ ಟ್ರ್ಯಾಕ್ಟರ್ ಹೈಡ್ರಾಲಿಕ್ ಫ್ಲೂಯಿಡ್, ಟ್ರಾನ್ಸ್‌ಮಿಷನ್ ಹೈಡ್ರಾಲಿಕ್ ಆಯಿಲ್, ವೆಟ್ ಬ್ರೇಕ್ ಆಯಿಲ್ ಅಂತಲೂ ಮಾರುತ್ತಾರೆ. ಇದರಲ್ಲಿ ಹಲ್ಲಿನ ರಕ್ಷಣೆಗೆ ಜಿಎಲ್-4 ಮಟ್ಟದ ಅಂಶ ಇರುತ್ತದೆ. ಬ್ರೇಕ್ ಡಿಸ್ಕು ಸದ್ದು ಮಾಡದೆ, ಜಾರದೆ ಹಿಡಿಯಲು ಫ್ರಿಕ್ಷನ್ ಮಾಡಿಫೈಯರ್ ಇರುತ್ತದೆ. ಜೊತೆಗೆ ನೊರೆ ತಡೆಯುವ, ತುಕ್ಕು ತಡೆಯುವ ಅಂಶಗಳು ಕೂಡ.

ಎಸ್‌ಟಿಓಯು (ಸೂಪರ್ ಟ್ರ್ಯಾಕ್ಟರ್ ಆಯಿಲ್ ಯೂನಿವರ್ಸಲ್) ಅಂತ ಇನ್ನೊಂದಿದೆ. ಅದನ್ನು ಎಂಜಿನ್‌ಗೂ ಹಾಕಬಹುದು, ಗೇರ್‌ಬಾಕ್ಸ್‌ಗೂ ಹಾಕಬಹುದು. ಒಂದೇ ಡ್ರಮ್ ಇಟ್ಟುಕೊಂಡು ಹಲವು ಹಳೆ ಟ್ರ್ಯಾಕ್ಟರ್ ನೋಡಿಕೊಳ್ಳುವವರಿಗೆ ಅನುಕೂಲ. ಆದರೆ ಆಯಿಲ್ ಬ್ರೇಕ್ ಇರುವ ಹೊಸ ಟ್ರ್ಯಾಕ್ಟರ್‌ಗೆ ನಾನು ಯುಟಿಟಿಓ ಕಡೆಗೇ ವಾಲುತ್ತೇನೆ. ಎಲ್ಲ ಕೆಲಸವನ್ನೂ ಒಂದೇ ಆಯಿಲ್ ಮಾಡಲು ಹೊರಟರೆ ಬ್ರೇಕಿನ ಕೆಲಸದಲ್ಲಿ ಎಲ್ಲೋ ಒಂದು ರಾಜಿ ಇರುತ್ತದೆ.

ಈ ಯುಟಿಟಿಓ ನೀರಿನಷ್ಟು ತೆಳ್ಳಗಿದೆ. ಹಲ್ಲು ಸವೆಯುವುದಿಲ್ವಾ?

ಮೊದಲ ಸಲ ಡಬ್ಬಿ ಬಗ್ಗಿಸಿದ ಎಲ್ಲರಿಗೂ ಬರುವ ಭಯ ಇದು. 90 ನೋಡಿ ಅಭ್ಯಾಸ ಆದ ಕಣ್ಣಿಗೆ ಇದು ತೀರಾ ತೆಳು ಅನ್ನಿಸುವುದು ನಿಜ. 100 ಡಿಗ್ರಿಯಲ್ಲಿ ಇದರ ದಪ್ಪ ಸಾಮಾನ್ಯವಾಗಿ 9ರಿಂದ 10 ಸೆಂಟಿಸ್ಟೋಕ್ಸ್ ಆಸುಪಾಸು. ಆದರೆ ನಿಮ್ಮ ಟ್ರ್ಯಾಕ್ಟರ್‌ನ ಹಲ್ಲಿನ ಅಗಲ, ಬೇರಿಂಗಿನ ಅಳತೆ, ಪಂಪಿನ ಸಂದು ಎಲ್ಲವನ್ನೂ ಆ ದಪ್ಪ ಲೆಕ್ಕ ಹಾಕಿಯೇ ಮಾಡಿರುತ್ತಾರೆ. ಒತ್ತಡ ಬಿದ್ದ ಕಡೆ ಹಲ್ಲು ಉಳಿಸುವ ಕೆಲಸದಲ್ಲಿ ಇಪಿ ಅಂಶದ ಪಾಲು ದೊಡ್ಡದು. ದಪ್ಪ ಒಂದೇ ಎಲ್ಲ ಅಲ್ಲ.

ದಪ್ಪ ಜಾಸ್ತಿ ಆದರೆ ಆಗುವ ನಷ್ಟ ಮಾತ್ರ ಖಚಿತ. ಪಂಪ್ ಆಯಿಲ್ ಎಳೆಯಲಾರದೆ ಒಳಗೆ ಗಾಳಿಗುಳ್ಳೆ ಏಳುತ್ತವೆ. ಅವು ಒಡೆಯುವ ಹೊಡೆತಕ್ಕೆ ಪಂಪಿನ ಒಳಗಿನ ಲೋಹ ಚುಕ್ಕಿ ಚುಕ್ಕಿಯಾಗಿ ಕಿತ್ತು ಬರುತ್ತದೆ. ಮೊದಲು ಹೇಳಿದ ಕುಂಯ್ ಸದ್ದು ಅದೇ.

ಡಬ್ಬಿಯ ಹಿಂದೆ ಜೆ20ಸಿ, ಎಂ1145 ಅಂತ ಏನೇನೋ ಇದೆ. ಯಾವುದನ್ನು ನೋಡಬೇಕು?

ಅವು ಟ್ರ್ಯಾಕ್ಟರ್ ಕಂಪನಿಗಳ ಸ್ಪೆಸಿಫಿಕೇಷನ್ ನಂಬರ್‌ಗಳು. ನನ್ನ ಮಟ್ಟಿಗೆ ಡಬ್ಬಿಯಲ್ಲಿ ಓದಲೇಬೇಕಾದ ಭಾಗ ಅಂದರೆ ಇದೇ. ಮುಂದೆ ದೊಡ್ಡ ಅಕ್ಷರದಲ್ಲಿ ‘ಪ್ರೀಮಿಯಂ ಟ್ರ್ಯಾಕ್ಟರ್ ಆಯಿಲ್’ ಅಂತ ಯಾರು ಬೇಕಾದರೂ ಬರೆಯಬಹುದು. ಹಿಂದಿನ ಸಣ್ಣ ಅಕ್ಷರದಲ್ಲಿ ಈ ನಂಬರ್ ಇರಬೇಕು.

ಜಾನ್ ಡಿಯರ್‌ಗೆ ಜೆ20ಸಿ. ಚಳಿ ಪ್ರದೇಶಕ್ಕೆ ಅದಕ್ಕಿಂತ ತೆಳುವಾದ ಜೆ20ಡಿ. ಮ್ಯಾಸಿ ಫರ್ಗ್ಯೂಸನ್‌ಗೆ ಎಂ1145. ಫೋರ್ಡ್ ನ್ಯೂ ಹಾಲೆಂಡ್‌ಗೆ ಎಂ2ಸಿ134-ಡಿ. ಕೇಸ್‌ಗೆ ಎಂಎಸ್-1207. ಕುಬೋಟಾ ಯುಡಿಟಿ ಅಥವಾ ಸೂಪರ್ ಯುಡಿಟಿ ಅಂತ ತನ್ನದೇ ಆಯಿಲಿನ ಹೆಸರು ಹೇಳುತ್ತದೆ. ನಿಮ್ಮ ಮ್ಯಾನುಯಲ್‌ನ ನಂಬರ್ ಡಬ್ಬಿಯಲ್ಲಿ ಇದ್ದರೆ, ಆಯಿಲ್ ಕಂಪನಿ ಯಾವುದು ಅನ್ನುವುದು ಆಮೇಲಿನ ಮಾತು. ಟ್ರ್ಯಾಕ್ಟರ್ ಕಂಪನಿಯದ್ದೇ ಡಬ್ಬಿ ಆಗಬೇಕು ಅಂತ ಇಲ್ಲ. ವಾರಂಟಿ ಇರುವವರೆಗೆ ಮಾತ್ರ ಅವರು ಹೇಳಿದ್ದನ್ನೇ ಹಾಕಿ, ಬಿಲ್ ಇಟ್ಟುಕೊಳ್ಳಿ.

‘303’ ಅಂತ ಬರೆದ ಆಯಿಲ್ ಅಗ್ಗಕ್ಕೆ ಸಿಗುತ್ತದೆ. ತೊಂದರೆ ಇದೆಯಾ?

ಇದೆ. 303 ಅನ್ನುವುದು ಜಾನ್ ಡಿಯರ್‌ನ ತುಂಬಾ ಹಳೆಯ ಸ್ಪೆಸಿಫಿಕೇಷನ್. ಆಗ ಅದರಲ್ಲಿ ಸ್ಪರ್ಮ್ ತಿಮಿಂಗಿಲದ ಎಣ್ಣೆ ಬಳಸುತ್ತಿದ್ದರು. ಆಯಿಲ್ ಬ್ರೇಕಿಗೆ ಆ ಎಣ್ಣೆಯ ಗುಣ ಅಷ್ಟು ಚೆನ್ನಾಗಿ ಹೊಂದುತ್ತಿತ್ತು. ತಿಮಿಂಗಿಲ ಉಳಿಸಲು ಅಮೆರಿಕದಲ್ಲಿ ಆ ಎಣ್ಣೆಗೆ ನಿಷೇಧ ಬಂತು, 1970ರ ದಶಕದಲ್ಲೇ ಆ ಸ್ಪೆಸಿಫಿಕೇಷನ್ ಮೂಲೆಗೆ ಹೋಯಿತು. ಹೆಸರು ಮಾತ್ರ ಬಕೆಟ್‌ಗಳ ಮೇಲೆ ಉಳಿಯಿತು. ಈಗ ಆ ನಂಬರ್‌ಗೆ ಸರಿಯಾಗಿ ಪರೀಕ್ಷೆ ಮಾಡಿ ನೋಡುವ ದಾರಿಯೇ ಇಲ್ಲ. ಹಾಗಾಗಿ ಬಕೆಟ್ ಒಳಗೆ ಏನು ಬೇಕಾದರೂ ಇರಬಹುದು. ಅಮೆರಿಕದ ಮಿಸ್ಸೌರಿಯಂಥ ಕೆಲವು ರಾಜ್ಯಗಳು ಇಂಥ ಆಯಿಲ್ ಮಾರಾಟವನ್ನೇ ನಿಲ್ಲಿಸಿದವು. ಕೊಳ್ಳಬೇಡಿ.

ನನ್ನದು ಹೈಡ್ರೋಸ್ಟಾಟಿಕ್ ಟ್ರ್ಯಾಕ್ಟರ್, ಗೇರ್ ಬದಲು ಪೆಡಲ್. ಇದಕ್ಕೆ?

ಇದಕ್ಕೆ ಇನ್ನೂ ಜಾಸ್ತಿ ಜಾಗ್ರತೆ ಬೇಕು. ಹೈಡ್ರೋಸ್ಟಾಟಿಕ್‌ನಲ್ಲಿ ಚಕ್ರ ತಿರುಗಿಸುವುದೇ ಆಯಿಲ್‌ನ ಒತ್ತಡ. ಒಂದು ಪಿಸ್ಟನ್ ಪಂಪ್ ಆಯಿಲ್ ತಳ್ಳುತ್ತದೆ, ಇನ್ನೊಂದು ಕಡೆ ಮೋಟಾರ್ ಆ ಒತ್ತಡದಿಂದ ತಿರುಗುತ್ತದೆ. ಪಿಸ್ಟನ್ನಿಗೂ ಅದರ ಗೂಡಿಗೂ ಇರುವ ಸಂದು ತಲೆಕೂದಲಿಗಿಂತ ಎಷ್ಟೋ ತೆಳು. ಅಲ್ಲಿ ಧೂಳು ಸೇರಿದರೆ ಗೀರು ಬೀಳುತ್ತದೆ. ಗೀರು ಬಿದ್ದರೆ ಒತ್ತಡ ಸೋರುತ್ತದೆ. ಏರು ಹತ್ತುವಾಗ, ಅದರಲ್ಲೂ ಆಯಿಲ್ ಬಿಸಿಯಾದ ಮೇಲೆ, ಟ್ರ್ಯಾಕ್ಟರ್ ಸೋತ ಹಾಗೆ ಆಗುತ್ತದೆ.

ಕಂಪನಿ ಹೇಳಿದ ಯುಟಿಟಿಓ, ಕಂಪನಿ ಹೇಳಿದ ಫಿಲ್ಟರ್. ಬೇರೆ ಪ್ರಯೋಗ ಬೇಡ. ಹುಲ್ಲು ಕತ್ತರಿಸುವ ತೀರಾ ಸಣ್ಣ ಯಂತ್ರಗಳಲ್ಲಿ ಕೆಲವಕ್ಕೆ 20ಡಬ್ಲ್ಯೂ-50 ಎಂಜಿನ್ ಆಯಿಲ್ ಹೇಳಿರುತ್ತಾರೆ. ಅದು ಆ ಯಂತ್ರಕ್ಕೆ ಸರಿ. ಅದನ್ನು ನೋಡಿ ನಿಮ್ಮದಕ್ಕೂ ಹಾಕಬೇಡಿ.

ನಾಲ್ಕು ಚಕ್ರ ಎಳೆಯುವ ಟ್ರ್ಯಾಕ್ಟರ್. ಮುಂದಿನ ಆಕ್ಸಲ್‌ಗೆ ಅದೇ ಆಯಿಲಾ?

ಮುಂದಿನ ಆಕ್ಸಲ್‌ಗೆ ಸಾಮಾನ್ಯವಾಗಿ ಪ್ರತ್ಯೇಕ ಆಯಿಲ್. ಅಲ್ಲಿ ಪಂಪೂ ಇಲ್ಲ, ಬ್ರೇಕೂ ಇಲ್ಲ, ಹಲ್ಲು ಮಾತ್ರ. ಹಾಗಾಗಿ ಹಲವು ಕಂಪನಿಗಳು 80ಡಬ್ಲ್ಯೂ-90 ಅಥವಾ ಯುಟಿಟಿಓ, ಎರಡರಲ್ಲಿ ಯಾವುದಾದರೂ ಆಗಬಹುದು ಅನ್ನುತ್ತವೆ. ಎರಡೂ ಆಗಬಹುದು ಅಂತಿದ್ದರೆ ನಾನು 80ಡಬ್ಲ್ಯೂ-90 ಹಾಕುತ್ತೇನೆ.

ಈ ಆಕ್ಸಲ್ ಮರೆತೇ ಹೋಗುವ ಜಾಗ. ಕೆಸರಿನಲ್ಲಿ ದುಡಿಯುವ ಟ್ರ್ಯಾಕ್ಟರ್ ಆದರೆ ಮೊದಲು ನೀರು ನುಗ್ಗುವುದು ಇಲ್ಲಿಗೇ. ಹಬ್ಬಿನ ಸೀಲಿಗೆ ಹುಲ್ಲು, ತಂತಿ ಸುತ್ತಿಕೊಂಡು ಸೀಲಿನ ತುಟಿ ಹರಿಯುತ್ತದೆ. ಕೆಸರು ಕೆಲಸದ ಹಂಗಾಮು ಮುಗಿದ ಕೂಡಲೇ ಎರಡೂ ಕಡೆಯ ಪ್ಲಗ್ ಸ್ವಲ್ಪ ಸಡಿಲಿಸಿ ನೋಡಿ. ನೀರು ಎಣ್ಣೆಗಿಂತ ಭಾರ, ತಳದಲ್ಲಿ ಕೂತಿರುತ್ತದೆ. ಮೊದಲ ಹನಿಗಳೇ ವಿಷಯ ಹೇಳುತ್ತವೆ.

ರೋಟವೇಟರ್‌ನ ಗೇರ್‌ಬಾಕ್ಸ್‌ಗೆ?

ಅದು ಟ್ರ್ಯಾಕ್ಟರ್‌ಗೆ ಸೇರಿದ್ದಲ್ಲ. ಉಪಕರಣದ ಗೇರ್‌ಬಾಕ್ಸ್‌ಗೆ ಸಾಮಾನ್ಯವಾಗಿ 90 ಅಥವಾ 140 ನಂಬರ್ ಗೇರ್ ಆಯಿಲ್ಲೇ ಬೇಕು. ಅದರ ಪುಸ್ತಕ ನೋಡಿ.

ಇರುವ ಆಯಿಲ್‌ಗೆ ಬೇರೆ ಆಯಿಲ್ ಬೆರೆಸಬಹುದಾ?

ಒಂದೇ ಸ್ಪೆಸಿಫಿಕೇಷನ್ ಇರುವ ಎರಡು ಕಂಪನಿಯ ಯುಟಿಟಿಓ ಆದರೆ, ಹೊಲದಲ್ಲಿ ಕೆಲಸ ನಿಲ್ಲಬಾರದು ಅಂತ ಅರ್ಧ ಲೀಟರ್ ಹಾಕಿದರೆ ಏನೂ ಆಗುವುದಿಲ್ಲ. ಯುಟಿಟಿಓ ಒಳಗೆ 90 ಸುರಿಯುವುದು ಬೇರೆ ಮಾತು. ಬ್ರೇಕಿಗೆ ಬೇಕಾದ ಅಂಶ ತೆಳುವಾಗುತ್ತದೆ, ನೊರೆ ಏಳಬಹುದು.

ಒಳಗೆ ಏನಿದೆ ಅಂತಲೇ ಗೊತ್ತಿಲ್ಲದ ಹಳೆ ಟ್ರ್ಯಾಕ್ಟರ್ ಕೊಂಡಿದ್ದೀರಾ? ಮೇಲಿಂದ ತುಂಬಿಸಬೇಡಿ. ಪೂರ್ತಿ ಇಳಿಸಿ ಹೊಸದು ಹಾಕಿ. ಎಷ್ಟು ಇಳಿಸಿದರೂ ಮೂಲೆಗಳಲ್ಲಿ, ಸಿಲಿಂಡರ್‌ನಲ್ಲಿ, ಪೈಪಿನಲ್ಲಿ ಒಂದಷ್ಟು ಹಳೆಯದು ಉಳಿಯುತ್ತದೆ. ತಪ್ಪು ಆಯಿಲ್ ಇತ್ತು ಅಂತ ಖಾತ್ರಿ ಆದರೆ 20–30 ಗಂಟೆ ಓಡಿಸಿ ಇನ್ನೊಮ್ಮೆ ಬದಲಾಯಿಸುವುದು ಒಳ್ಳೆಯದು. ಖರ್ಚು ಎರಡಾಗುತ್ತದೆ, ಗೊತ್ತು. ಬ್ರೇಕ್ ಡಿಸ್ಕ್ ಬದಲಾಯಿಸಲು ಹಿಂದಿನ ಆಕ್ಸಲ್ ಬಿಚ್ಚುವುದಕ್ಕಿಂತ ಅದು ಕಡಿಮೆಯೇ.

ಸಿಂಥೆಟಿಕ್ ಹಾಕಿದರೆ ಲಾಭ ಇದೆಯಾ?

ತೀರಾ ಚಳಿ ಇರುವ ಕಡೆ ಇದೆ, ಬೆಳಗ್ಗೆ ಲಿಫ್ಟ್ ಬೇಗ ಏಳುತ್ತದೆ. ಬಿಸಿಲಿನಲ್ಲಿ ಇಡೀ ದಿನ ಲೋಡರ್ ಕೆಲಸ ಮಾಡುವ ಹೈಡ್ರೋಸ್ಟಾಟಿಕ್‌ಗೂ ಉಪಯೋಗ ಆಗುತ್ತದೆ. ವರ್ಷಕ್ಕೆ ನೂರಿನ್ನೂರು ಗಂಟೆ ಓಡುವ ಸಾದಾ ಗೇರ್ ಟ್ರ್ಯಾಕ್ಟರ್‌ಗೆ ಆ ದುಡ್ಡಿನಲ್ಲಿ ಸಾಮಾನ್ಯ ಯುಟಿಟಿಓವನ್ನೇ ಹೊತ್ತಿಗೆ ಸರಿಯಾಗಿ ಬದಲಾಯಿಸಿ. ನೀರು ಸೇರಿದರೆ ಸಿಂಥೆಟಿಕ್ಕೂ ಹಾಳಾಗುತ್ತದೆ.

ಬಾಟಲಿಯಲ್ಲಿ ಬರುವ ಅಡಿಟಿವ್‌ಗಳು?

ಬೇಡ. ಸ್ಪೆಸಿಫಿಕೇಷನ್ ಇರುವ ಆಯಿಲ್‌ನಲ್ಲಿ ಬೇಕಾದ್ದೆಲ್ಲ ಅಳತೆಯಲ್ಲಿ ಇದೆ. ಜಾರಿಕೆ ಹೆಚ್ಚಿಸುವ ಪುಡಿ, ಪೇಸ್ಟ್ ಹಾಕಿದರೆ ಬ್ರೇಕೂ ಜಾರುತ್ತದೆ.

ಎಷ್ಟು ಗಂಟೆಗೆ ಬದಲಾಯಿಸಬೇಕು?

ಹೊಸ ಟ್ರ್ಯಾಕ್ಟರ್‌ಗೆ ಮೊದಲ ಸಲ ಸಾಮಾನ್ಯವಾಗಿ 50 ಗಂಟೆಗೆ. ಇದನ್ನು ಖಂಡಿತ ತಪ್ಪಿಸಬೇಡಿ. ಹೊಸ ಹಲ್ಲುಗಳು ಒಂದಕ್ಕೊಂದು ಕೂರುವಾಗ ಉದುರುವ ಸಣ್ಣ ಲೋಹದ ಪುಡಿ ಆ 50 ಗಂಟೆಯಲ್ಲಿ ಬರುವಷ್ಟು ಆಮೇಲೆ ಬರುವುದಿಲ್ಲ. ಮುಂದಿನದು ಮಾದರಿಯಿಂದ ಮಾದರಿಗೆ ಬೇರೆ. ಕೆಲವರು 200 ಗಂಟೆ ಅನ್ನುತ್ತಾರೆ, ಕೆಲವರು 400, ಇನ್ನು ಕೆಲವರು 600. ಫಿಲ್ಟರ್‌ಗೆ ಆಯಿಲ್‌ಗಿಂತ ಕಡಿಮೆ ಗಂಟೆ ಇರುವುದು ಸಾಮಾನ್ಯ.

ಗಂಟೆ ಆಗಿಲ್ಲ ಅಂತ ಐದಾರು ವರ್ಷ ಬಿಡುವವರಿದ್ದಾರೆ. ಹೌಸಿಂಗ್ ಹಗಲು ಬಿಸಿಯಾಗಿ ರಾತ್ರಿ ತಣ್ಣಗಾದಾಗ ಬ್ರೀದರ್ (ಹೌಸಿಂಗ್ ಉಸಿರಾಡುವ ಸಣ್ಣ ತೂತು) ಮೂಲಕ ತೇವದ ಗಾಳಿ ಒಳಗೆ ಬರುತ್ತದೆ, ಒಳಗೇ ಹನಿಯಾಗುತ್ತದೆ. ಕಡಿಮೆ ಓಡುವ ಟ್ರ್ಯಾಕ್ಟರ್‌ನಲ್ಲಿ ಆ ನೀರು ಆವಿಯಾಗಿ ಹೋಗುವಷ್ಟು ಬಿಸಿಯೇ ಆಗುವುದಿಲ್ಲ. ಎರಡು ವರ್ಷಕ್ಕೊಮ್ಮೆಯಾದರೂ ಇಳಿಸಿ ನೋಡಿ.

ಡಿಪ್‌ಸ್ಟಿಕ್‌ನಲ್ಲಿ ಆಯಿಲ್ ಹಾಲಿನ ಬಣ್ಣಕ್ಕೆ ತಿರುಗಿದೆ. ಏನು ಅರ್ಥ?

ನೀರು ಅಥವಾ ಗಾಳಿ. ಎರಡನ್ನೂ ಬೇರೆ ಮಾಡಲು ಸುಲಭ ದಾರಿ ಇದೆ. ಸ್ವಲ್ಪ ಆಯಿಲ್ ಗಾಜಿನ ಬಾಟಲಿಗೆ ಹಾಕಿ ಮುಚ್ಚಿ ರಾತ್ರಿ ಇಡಿ. ಗಾಳಿ ಆಗಿದ್ದರೆ ಬೆಳಗ್ಗೆ ಆಯಿಲ್ ತಿಳಿಯಾಗಿ, ಮೂಲ ಬಣ್ಣಕ್ಕೆ ಬಂದಿರುತ್ತದೆ. ನೀರಾಗಿದ್ದರೆ ಹಾಗೇ ಮಬ್ಬಾಗಿರುತ್ತದೆ, ಕೆಲವು ಸಲ ತಳದಲ್ಲಿ ನೀರಿನ ಪದರ ಕಾಣುತ್ತದೆ.

ಇನ್ನೊಂದು, ಬಿಸಿ ತಗಡಿನ ಪರೀಕ್ಷೆ. ದಪ್ಪ ತಗಡನ್ನು ಚೆನ್ನಾಗಿ ಕಾಯಿಸಿ, ಉರಿಯಿಂದ ದೂರ ತೆಗೆದು, ಅದರ ಮೇಲೆ ಒಂದೇ ಒಂದು ಹನಿ ಬಿಡಿ. ಕನ್ನಡಕ ಹಾಕಿಕೊಳ್ಳಿ, ಮುಖ ದೂರ ಇರಲಿ. ಒಳ್ಳೆಯ ಆಯಿಲ್ ಸುಮ್ನೆ ಹರಡಿ ಸಣ್ಣಗೆ ಹೊಗೆಯಾಡುತ್ತದೆ. ನೀರಿದ್ದರೆ ಒಗ್ಗರಣೆಯ ಸಾಸಿವೆ ಹಾಗೆ ಚಟಪಟ ಅನ್ನುತ್ತದೆ, ಹನಿಯ ಒಳಗೆ ಗುಳ್ಳೆ ಸಿಡಿಯುವುದು ಕಾಣುತ್ತದೆ.

ಗಾಳಿ ಆದರೆ ಮಟ್ಟ ಕಡಿಮೆ ಇದೆ, ಅಥವಾ ಸಕ್ಷನ್ ಪೈಪಿನ ಕ್ಲಿಪ್ ಸಡಿಲ ಇದೆ ಅಂತ. ನೀರಾದರೆ ಬದಲಾಯಿಸಿ, ಜೊತೆಗೆ ದಾರಿ ಹುಡುಕಿ: ಗೇರ್ ಲಿವರ್‌ನ ರಬ್ಬರ್ ಬೂಟ್ ಹರಿದಿದೆಯಾ, ಡಿಪ್‌ಸ್ಟಿಕ್‌ನ ಓ-ರಿಂಗ್ ಇದೆಯಾ, ಬ್ರೀದರ್ ಮುಚ್ಚಳ ಇದೆಯಾ. ಟ್ರ್ಯಾಕ್ಟರನ್ನು ಪ್ರೆಷರ್ ನೀರಿನಲ್ಲಿ ತೊಳೆಯುವಾಗ ಈ ಮೂರು ಜಾಗಕ್ಕೆ ನೇರ ಹೊಡೆಯಬೇಡಿ.

ಮಟ್ಟ ನೋಡುವ ಸರಿಯಾದ ಕ್ರಮ ಯಾವುದು?

ಸಮ ನೆಲ, ಎಂಜಿನ್ ಬಂದ್, ಲಿಫ್ಟ್ ಪೂರ್ತಿ ಕೆಳಗೆ. ಲಿಫ್ಟ್ ಮೇಲೆ ಇದ್ದರೆ ಸಿಲಿಂಡರ್‌ನಲ್ಲಿ ನಿಂತ ಆಯಿಲ್ ಲೆಕ್ಕಕ್ಕೆ ಸಿಗದೆ ಮಟ್ಟ ಕಡಿಮೆ ತೋರಿಸುತ್ತದೆ. ಐದು ಹತ್ತು ನಿಮಿಷ ಬಿಟ್ಟು ನೋಡಿ. ಡಿಪ್‌ಸ್ಟಿಕ್ ತಿರುಗಿಸುವ ಬಗೆಯದಾದರೆ, ತಿರುಗಿಸಿ ನೋಡಬೇಕೋ ಸುಮ್ಮನೆ ಇಟ್ಟು ನೋಡಬೇಕೋ ಅಂತ ಮ್ಯಾನುಯಲ್ ಹೇಳುತ್ತದೆ. ಜಾಸ್ತಿ ತುಂಬಿದರೆ ಗೇರ್‌ಗಳು ಆಯಿಲ್ ಕಡೆದು ನೊರೆ ಎಬ್ಬಿಸುತ್ತವೆ, ಬಿಸಿ ಏರುತ್ತದೆ, ಸೀಲ್ ಮೂಲಕ ಹೊರಗೆ ಬರುತ್ತದೆ.

ನಾನೇ ಬದಲಾಯಿಸಬಹುದಾ?

ಖಂಡಿತ. ಅರ್ಧ ಗಂಟೆ ಓಡಿಸಿ ಆಯಿಲ್ ಬೆಚ್ಚಗಾದ ಮೇಲೆ ಶುರು ಮಾಡಿ. ಡ್ರೈನ್ ಬೋಲ್ಟ್ ಬಿಚ್ಚುವ ಮೊದಲು ತುಂಬುವ ಪ್ಲಗ್ ಬಿಚ್ಚಿ. ಎಲ್ಲ ಇಳಿಸಿದ ಮೇಲೆ ಮೇಲಿನ ಪ್ಲಗ್ ತುಕ್ಕು ಹಿಡಿದು ಬರದಿದ್ದರೆ ಟ್ರ್ಯಾಕ್ಟರ್ ನಿಂತಲ್ಲೇ ನಿಲ್ಲುತ್ತದೆ. ಡ್ರೈನ್ ಬೋಲ್ಟ್ ಒಂದೇ ಅಲ್ಲ, ಎರಡು ಮೂರು ಇರಬಹುದು. ಹಿಂದಿನ ಆಕ್ಸಲ್‌ನ ಎರಡೂ ಬದಿ ನೋಡಿ. ಪಾತ್ರೆ ದೊಡ್ಡದು ಇರಲಿ: ತೀರಾ ಸಣ್ಣ ಟ್ರ್ಯಾಕ್ಟರ್‌ನಲ್ಲಿ 10–12 ಲೀಟರ್ ಇದ್ದರೆ, ಸ್ವಲ್ಪ ದೊಡ್ಡದರಲ್ಲಿ 40 ಲೀಟರ್‌ವರೆಗೂ ಇರುತ್ತದೆ.

ತುಂಬುವಾಗ ಹೇಳಿದ ಲೀಟರ್ ಎಲ್ಲವನ್ನೂ ಒಮ್ಮೆಲೇ ಸುರಿಯಬೇಡಿ. ಸ್ವಲ್ಪ ಉಳಿಸಿ, ಸ್ಟಾರ್ಟ್ ಮಾಡಿ, ಲಿಫ್ಟ್ ನಾಲ್ಕೈದು ಸಲ ಏರಿಸಿ ಇಳಿಸಿ, ಸ್ಟೀರಿಂಗ್ ಎರಡೂ ಕಡೆ ತಿರುಗಿಸಿ. ಫಿಲ್ಟರ್ ಮತ್ತು ಪೈಪು ತುಂಬಿದ ಮೇಲೆ ಬಂದ್ ಮಾಡಿ, ಮಟ್ಟ ನೋಡಿ, ಬೇಕಾದಷ್ಟು ಸೇರಿಸಿ.

ಡ್ರೈನ್ ಬೋಲ್ಟಿನ ಅಯಸ್ಕಾಂತಕ್ಕೆ ಲೋಹದ ಪುಡಿ ಅಂಟಿದೆ. ಹೆದರಬೇಕಾ?

ಬೆರಳಲ್ಲಿ ಒರೆಸಿದರೆ ಬೂದು ಬಣ್ಣದ ಪೇಸ್ಟ್ ಹಾಗೆ ಬಂದರೆ ಸಹಜ. ಚುಚ್ಚುವಂಥ ಚೂರು, ಹಲ್ಲಿನ ಮೂಲೆಯಂಥ ತುಂಡು ಇದ್ದರೆ ಮೆಕ್ಯಾನಿಕ್‌ಗೆ ತೋರಿಸಿ. ಅಯಸ್ಕಾಂತಕ್ಕೆ ಹಿತ್ತಾಳೆ ಅಂಟುವುದಿಲ್ಲ ಅನ್ನುವುದು ನೆನಪಿರಲಿ. ಇಳಿಸಿದ ಆಯಿಲನ್ನು ಬಿಸಿಲಿಗೆ ಹಿಡಿದು ನೋಡಿ. ಚಿನ್ನದ ಬಣ್ಣದ ಮಿನುಗು ಕಂಡರೆ ಸವೆಯುತ್ತಿರುವುದು ಬುಷ್, ವಾಷರ್ ಅಥವಾ ಸಿಂಕ್ರೊ ರಿಂಗ್.

ಸೀಲ್ ಸೋರುತ್ತಿದೆ. ದಪ್ಪ ಆಯಿಲ್ ಹಾಕಿದರೆ ನಿಲ್ಲುತ್ತದಾ?

ಕೆಲವು ದಿನ ಕಡಿಮೆ ಆದ ಹಾಗೆ ಕಾಣಬಹುದು, ಅಷ್ಟೇ. ಪಂಪ್ ಮತ್ತು ಬ್ರೇಕ್ ಅದರ ಬೆಲೆ ತೆರುತ್ತವೆ. ಮೊದಲು ಬ್ರೀದರ್ ಸ್ವಚ್ಛ ಮಾಡಿ. ಅದು ಮಣ್ಣಿನಿಂದ ಮುಚ್ಚಿಹೋದರೆ ಒಳಗೆ ಒತ್ತಡ ಏರಿ ಒಳ್ಳೆಯ ಸೀಲ್ ಕೂಡ ಸೋರುತ್ತದೆ. ಆಮೇಲೂ ಸೋರಿದರೆ ಸೀಲ್ ಬದಲಾಯಿಸಿ.

ಮ್ಯಾನುಯಲ್ ಇಲ್ಲ, ಮಾದರಿ ಹೆಸರೂ ಅಳಿಸಿಹೋಗಿದೆ. ಏನು ಹಾಕಲಿ?

ಸಂಪ್ ಒಂದೇನಾ ಅಂತ ಮೊದಲು ನೋಡಿ. ಒಂದೇ ಆಗಿದ್ದರೆ, ಅಥವಾ ಬ್ರೇಕ್ ಆಯಿಲ್‌ನಲ್ಲಿ ಮುಳುಗಿದ್ದರೆ, ಜೆ20ಸಿ ಮತ್ತು ಎಂ1145 ಎರಡನ್ನೂ ಪೂರೈಸುವ ಯುಟಿಟಿಓ ಹಾಕಿ. ಗೇರ್‌ಬಾಕ್ಸ್ ಬೇರೆ, ಬ್ರೇಕ್ ಡ್ರೈ ಅಂತ ಖಾತ್ರಿ ಇದ್ದರೆ ಜಿಎಲ್-4, 80ಡಬ್ಲ್ಯೂ-90. ಖಾತ್ರಿ ಇಲ್ಲದಿದ್ದರೆ ಯುಟಿಟಿಓ ಕಡೆಗೇ ಹೋಗಿ. ಗೇರ್ ಮಾತ್ರ ಇರುವ ಕಡೆ ಯುಟಿಟಿಓ ಬಿದ್ದರೆ ಆಗುವ ಹಾನಿ ಸಣ್ಣದು. ಪಂಪ್ ಮತ್ತು ಬ್ರೇಕ್ ಇರುವ ಕಡೆ 90 ಬಿದ್ದರೆ ದೊಡ್ಡದು. ಹೌಸಿಂಗ್ ಮೇಲೆ ಎರಕದಲ್ಲೇ ಮೂಡಿದ ನಂಬರ್ ಇರುತ್ತದೆ, ಮಣ್ಣು ಕೆರೆದು ನೋಡಿ. ಅದರಿಂದ ಮಾದರಿ ಪತ್ತೆಯಾಗುವುದೂ ಉಂಟು.

ಇಳಿಸಿದ ಹಳೆ ಆಯಿಲ್ ಏನು ಮಾಡಲಿ?

ಮುಚ್ಚಳ ಇರುವ ಡಬ್ಬಿಗೆ ತುಂಬಿ, ಹಳೆ ಆಯಿಲ್ ಸಂಗ್ರಹಿಸುವವರಿಗೆ ಕೊಡಿ. ಹೊಲದ ಬದುವಿಗೆ, ಕಾಲುವೆಗೆ ಚೆಲ್ಲಬೇಡಿ, ಒಲೆಗೆ ಹಾಕಬೇಡಿ. ನೀರು ಬೆರೆತದ್ದನ್ನು ಬೇರೆ ಡಬ್ಬಿಯಲ್ಲಿ ಇಡಿ. ಉಳಿದ ಹೊಸ ಆಯಿಲ್ ಡಬ್ಬಿಯನ್ನು ಮಳೆ ಬೀಳದ ಕಡೆ ಇಟ್ಟು, ಮೇಲೆ ಮಾರ್ಕರ್‌ನಲ್ಲಿ ತಾರೀಕು ಮತ್ತು ಟ್ರ್ಯಾಕ್ಟರ್‌ನ ಗಂಟೆ ಬರೆದಿಡಿ.